ಅದೇ ಬೆಕ್ವೆರೆಲ್, ಬೇರೆ ಕಾಯಿಲೆ: ಉಸಿರಲ್ಲಿ ಒಳಹೋದ ವಿಕಿರಣ ಕಣ ಪ್ರಾಣಿಗಳಲ್ಲಿ ಮಾಡುವುದೇನು?

ಮದ್ದೂರುವಡೆ (ಪ್ರಶ್ನೆ)

ಎಂಎಸ್‌ಸಿ ಪ್ರಾಣಿಶಾಸ್ತ್ರದವರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ವಿಷಯ, ಉಸಿರಿನ ಜೊತೆ ಒಳಹೋದ ವಿಕಿರಣಶೀಲ ಕಣಗಳು ಪ್ರಾಣಿಗಳಿಗೆ ಮಾಡುವ ಹಾನಿ. ಆಧಾರ ಬಹುಪಾಲು ಅಮೆರಿಕದ ಬೀಗಲ್ ನಾಯಿಗಳ ಮೇಲಿನ ಹಳೇ ಪ್ರಯೋಗಗಳು, ಅಂದರೆ ಆಲ್ಬುಕರ್ಕಿಯ ಲವ್‌ಲೇಸ್ ಸಂಸ್ಥೆ ಮತ್ತು ಹ್ಯಾನ್‌ಫರ್ಡ್‌ನ ಪ್ರಯೋಗಾಲಯದವು. ಕೆಲವು ಕಡೆ ಸಿಕ್ಕು ಬಿಡುತ್ತಿಲ್ಲ.

ಮೊದಲನೆಯದು ಲೆಕ್ಕದ್ದು. ಪ್ಲುಟೋನಿಯಂ-239 ಆಕ್ಸೈಡ್ 1 ಕಿಲೋಬೆಕ್ವೆರೆಲ್, ಸೀರಿಯಂ-144 ಕೂಡ 1 ಕಿಲೋಬೆಕ್ವೆರೆಲ್. ಎರಡರಲ್ಲೂ ಸೆಕೆಂಡಿಗೆ ಸಾವಿರ ವಿಘಟನೆ. 10 ಕೆಜಿ ನಾಯಿಗೆ ಲೆಕ್ಕ ಹಾಕಿದರೆ ಪ್ಲುಟೋನಿಯಂ ದಿನಕ್ಕೆ ಬರೀ 0.007 ಮಿಲಿಗ್ರೇ ಕೊಡುತ್ತದೆ (1 ಗ್ರೇ ಅಂದರೆ ಒಂದು ಕೆಜಿ ಅಂಗಾಂಶ ಹೀರಿಕೊಂಡ ಒಂದು ಜೂಲ್ ಶಕ್ತಿ). ಇಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬರುತ್ತದೆ? ಒಂದರಲ್ಲಿ ಕಾರ್ಸಿನೋಮ (ಹೊದಿಕೆ ಕೋಶಗಳ ಕ್ಯಾನ್ಸರ್), ಇನ್ನೊಂದರಲ್ಲಿ ರಕ್ತನಾಳದ ಸಾರ್ಕೋಮ ಏಕೆ?

ಎರಡನೆಯದು, ಪ್ಲುಟೋನಿಯಂ-238 ಮತ್ತು 239 ರಸಾಯನಶಾಸ್ತ್ರದ ಪ್ರಕಾರ ಒಂದೇ ವಸ್ತು, ಆಕ್ಸೈಡೂ ಒಂದೇ. ಆದರೂ 239ರ ನಾಯಿಗಳಲ್ಲಿ ಶ್ವಾಸಕೋಶದ ಗಡ್ಡೆ, 238ರ ನಾಯಿಗಳಲ್ಲಿ ಮೂಳೆಯ ಗಡ್ಡೆ ಎದ್ದು ಕಾಣುತ್ತದೆ.

ಕೊನೆಯದು ಊರಿನದು. ಪಾಂಡವಪುರದ ಕಡೆ ಬೇಬಿ ಬೆಟ್ಟದ ಸುತ್ತಿನ ಕಲ್ಲುಕ್ವಾರಿ ಧೂಳು ಬಂಡೂರು ಕುರಿಗಳಿಗೆ ವಿಕಿರಣದ ಅಪಾಯವೇ, ಮೈಸೂರಿನ ಪಕ್ಕದ ರತ್ನಹಳ್ಳಿಯ ಯುರೇನಿಯಂ ಸ್ಥಾವರದ ಕಥೆ ಏನು ಅಂತ ವಿದ್ಯಾರ್ಥಿಗಳು ಕೇಳೇ ಕೇಳುತ್ತಾರೆ. ಹಾರಿಕೆಯ ಉತ್ತರ ಕೊಡುವುದು ಬೇಡ ಅಂತ ಇಲ್ಲಿ ಹಾಕಿದ್ದೇನೆ.

---

ಗಂಗೋತ್ರಿ_ಆಲ್ಫಾ

ಸಾರ್, ತಪ್ಪು ಛೇದದಲ್ಲಿದೆ. ನೀವು ಇಡೀ ನಾಯಿಯ ತೂಕದಿಂದ ಭಾಗಿಸಿದ್ದೀರಿ. ಕರಗದ ಆಕ್ಸೈಡ್ ಕಣ ಶ್ವಾಸಕೋಶ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ, ಅದರ ಆಲ್ಫಾ ಶಕ್ತಿಯೆಲ್ಲ ಅಲ್ಲೇ ಖರ್ಚಾಗುತ್ತದೆ. ಬೀಗಲ್‌ನ ಶ್ವಾಸಕೋಶ ದೇಹತೂಕದ ಸುಮಾರು ಶೇ 1.1, ಅಂದರೆ 10 ಕೆಜಿ ನಾಯಿಗೆ 110 ಗ್ರಾಂ. ಅದನ್ನು ಹಾಕಿ ನೋಡಿ.

ಆಲ್ಫಾ ಶಕ್ತಿ 5.15 ಎಂಇವಿ, ಅದು 8.25×10⁻¹³ ಜೂಲ್. ಸೆಕೆಂಡಿಗೆ ಸಾವಿರ ವಿಘಟನೆ, ದಿನಕ್ಕೆ 86,400 ಸೆಕೆಂಡ್, ಭಾಗಿಸು 0.11 ಕೆಜಿ. ಉತ್ತರ ದಿನಕ್ಕೆ 0.65 ಮಿಲಿಗ್ರೇ. ನಿಮ್ಮದಕ್ಕಿಂತ 90 ಪಟ್ಟು ಜಾಸ್ತಿ. ಒಟ್ಟು ಡೋಸ್ ಬೇಕಿದ್ದರೆ ಮೊದಲ ದಿನದ ದರವನ್ನು ಪರಿಣಾಮಕ ಅರ್ಧಾಯುವಿನಿಂದಲೂ (ವಿಘಟನೆ, ಹೊರಹೋಗುವುದು ಎರಡೂ ಸೇರಿ ಶ್ವಾಸಕೋಶದ ಚಟುವಟಿಕೆ ಅರ್ಧಕ್ಕಿಳಿಯುವ ಅವಧಿ) 1.44ರಿಂದಲೂ ಗುಣಿಸಿ. ಲೆಕ್ಕದ ಅನುಕೂಲಕ್ಕೆ ಶ್ವಾಸಕೋಶದಿಂದ ಹೊರಹೋಗುವ ಅರ್ಧಾಯು 1000 ದಿನ ಎಂದುಕೊಳ್ಳಿ. ಪ್ಲುಟೋನಿಯಂ-239ರ ಸ್ವಂತ ಅರ್ಧಾಯು 24,110 ವರ್ಷ, ನಾಯಿಯ ಆಯುಷ್ಯದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು ಸುಮಾರು 0.94 ಗ್ರೇ.

ಈಗ ಸೀರಿಯಂ-144. ಇಲ್ಲಿ ಎಲ್ಲರೂ ಎಡವುವುದು ಮಗಳ ಹತ್ತಿರ. ಸೀರಿಯಂನ ಬೀಟಾ ಬಡಪಾಯಿ, ಸರಾಸರಿ 0.1 ಎಂಇವಿ ಕೂಡ ಇಲ್ಲ. ಅದರಿಂದ ಹುಟ್ಟುವ ಪ್ರಾಸಿಯೋಡಿಮಿಯಂ-144 ನಿಮಿಷಗಳಲ್ಲೇ ಒಡೆದು ಸರಾಸರಿ 1.2 ಎಂಇವಿ ಬೀಟಾ ಎಸೆಯುತ್ತದೆ. ಎರಡೂ ಸೇರಿ 1.3 ಎಂದು ಹಾಕಿದರೆ ದಿನಕ್ಕೆ 0.16 ಮಿಲಿಗ್ರೇ. ಸೀರಿಯಂನ ಅರ್ಧಾಯು 285 ದಿನ. ಜೈವಿಕ ಅರ್ಧಾಯು 1000 ದಿನ ಸೇರಿಸಿದರೆ ಪರಿಣಾಮಕ ಅರ್ಧಾಯು 222 ದಿನ (285×1000 ಭಾಗಿಸು 1285). ಒಟ್ಟು ಸುಮಾರು 52 ಮಿಲಿಗ್ರೇ. ಬೆಕ್ವೆರೆಲ್ ಒಂದೇ ಇದ್ದರೂ ಗ್ರೇ 18 ಪಟ್ಟು ಬೇರೆ.

ಇದಾದ ಮೇಲೆ ಆಲ್ಫಾ ಅಂತ 20ರಿಂದ ಗುಣಿಸಿ ಸೀವರ್ಟ್ ಮಾಡೋಕೆ ಹೋಗಬೇಡಿ. ಸೀವರ್ಟ್ ಮನುಷ್ಯರ ರಕ್ಷಣೆಗೆ ಕಟ್ಟಿದ ಮಾನ, ಕಡಿಮೆ ಡೋಸ್‌ನ ಕ್ಯಾನ್ಸರ್ ಅಪಾಯಕ್ಕೆ. ನಾಯಿಯ ಪ್ರಯೋಗದ ಫಲಿತಾಂಶ ಗ್ರೇನಲ್ಲೇ ಇರಲಿ, ಆಲ್ಫಾಕ್ಕೂ ಬೀಟಾಕ್ಕೂ ಹೋಲಿಕೆ ಬೇಕಿದ್ದರೆ ಪ್ರಯೋಗದಿಂದಲೇ ಬಂದ ಸಾಪೇಕ್ಷ ಜೈವಿಕ ಪರಿಣಾಮದ ಅಂಕಿ (ಒಂದೇ ಗ್ರೇಗೆ ಒಂದು ವಿಕಿರಣ ಇನ್ನೊಂದಕ್ಕಿಂತ ಎಷ್ಟು ಪಟ್ಟು ಹಾನಿ ಮಾಡುತ್ತದೆ ಅನ್ನುವುದು) ಬಳಸಿ.

ಹಳೇ ಪೇಪರುಗಳಲ್ಲಿ 1 ನ್ಯಾನೊಕ್ಯೂರಿ ಅಂದರೆ 37 ಬೆಕ್ವೆರೆಲ್, 100 ರ್‍ಯಾಡ್ ಅಂದರೆ 1 ಗ್ರೇ. ಆದರೆ "ಪ್ರತಿ ಕೆಜಿಗೆ" ಅಂತ ಕಂಡ ಕೂಡಲೇ ದೇಹದ ಕೆಜಿಯೋ ಶ್ವಾಸಕೋಶದ ಕೆಜಿಯೋ ನೋಡಿಕೊಳ್ಳಿ. ಅಲ್ಲೇ ಮತ್ತೆ 90 ಪಟ್ಟಿನ ಗುಂಡಿ ಇದೆ. ಇನ್ನೊಂದು, ಪೋಸ್ಟ್‌ಮಾರ್ಟಂನಲ್ಲಿ ತೂಗಿದ ಶ್ವಾಸಕೋಶದಿಂದ ಭಾಗಿಸಬಾರದು. ನೀರು ತುಂಬಿ, ನಾರುಗಟ್ಟಿ ತೂಕ ಏರಿರುತ್ತದೆ, ಡೋಸ್ ಸುಳ್ಳು ಸುಳ್ಳೇ ಕಮ್ಮಿ ಕಾಣುತ್ತದೆ.

---

ಕೊಟ್ಟಿಗೆ_ಡಾಕ್ಟ್ರು

ಲೆಕ್ಕ ಅವರು ಹೇಳಿದರು. ಅಂಗದಲ್ಲಿ ಏನಾಗುತ್ತದೆ ಅನ್ನುವುದನ್ನು ಬರೆಯುತ್ತೇನೆ.

ಲವ್‌ಲೇಸ್‌ನವರ ಜಾಣತನ ಇದ್ದದ್ದು ಒಂದೇ ಥರದ ಕಣದಲ್ಲಿ ಬೇರೆ ಬೇರೆ ಧಾತು ತುಂಬಿದ್ದರಲ್ಲಿ. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಗೆ ವಿಕಿರಣಶೀಲ ಅಯಾನು ಹಿಡಿಸಿ, ನೀರಲ್ಲಿ ಕಲಕಿ ಮಂಜಿನಂತೆ ಸಿಂಪಡಿಸಿ, ಸಾವಿರ ಡಿಗ್ರಿ ಮೀರಿದ ಕೊಳವೆಯಲ್ಲಿ ಹಾಯಿಸಿದರೆ ಗಾಜಿನ ಗುಂಡುಗಳಾಗುತ್ತವೆ. ಇವು ಮೈಯೊಳಗೆ ಕರಗುವುದು ಬಹಳ ನಿಧಾನ. ಇದರಲ್ಲಿ ಇಟ್ರಿಯಂ-90 (64 ಗಂಟೆ), ಇಟ್ರಿಯಂ-91 (59 ದಿನ), ಸೀರಿಯಂ-144 (285 ದಿನ), ಸ್ಟ್ರಾಂಷಿಯಂ-90 (29 ವರ್ಷ) ಹಾಕಿದರು. ಕಣ ಒಂದೇ, ಕೂರುವ ಜಾಗ ಒಂದೇ, ಬದಲಾದದ್ದು ಡೋಸ್ ಎಷ್ಟು ಬೇಗ ಸುರಿಯುತ್ತದೆ ಅನ್ನುವುದು ಮಾತ್ರ. ಬೇಗ ಸಾಯಿಸುವ ಕಾಯಿಲೆಗೆ ಈ ವೇಗವೇ ಮುಖ್ಯ. ಇಟ್ರಿಯಂ-90 ಕೆಲವೇ ದಿನದಲ್ಲಿ ಸುರಿದು ಮುಗಿಸುತ್ತದೆ, ಹಾಗಾಗಿ ಕಡಿಮೆ ಒಟ್ಟು ಗ್ರೇನಲ್ಲೇ ನಾಯಿ ಸಾಯುತ್ತದೆ. ಸ್ಟ್ರಾಂಷಿಯಂ ವರ್ಷಗಟ್ಟಲೆ ತೊಟ್ಟಿಕ್ಕುತ್ತದೆ, ಮಧ್ಯೆ ಅಂಗಾಂಶ ರಿಪೇರಿ ಮಾಡಿಕೊಳ್ಳುತ್ತದೆ, ಅದೇ ಸಾವಿಗೆ ಬಹಳ ಹೆಚ್ಚು ಗ್ರೇ ಬೇಕು.

ಆ ಬೇಗ ಸಾಯಿಸುವ ಕಾಯಿಲೆ ವಿಕಿರಣ ನ್ಯುಮೊನೈಟಿಸ್, ಅಂದರೆ ವಿಕಿರಣದಿಂದ ಶ್ವಾಸಕೋಶದ ಉರಿಯೂತ. ಮೊದಲು ಕಾಣುವುದು ಕೆಮ್ಮಲ್ಲ, ಉಸಿರಿನ ಎಣಿಕೆ. ಮಲಗಿರುವ ನಾಯಿಯ ಪಕ್ಕೆ ನೋಡಿ ಒಂದು ನಿಮಿಷ ಎಣಿಸಿ. ನಿದ್ದೆಯಲ್ಲಿ 30 ದಾಟಿದ್ದು ಬಿಸಿಲಿಂದಲ್ಲ ಅನ್ನಿಸಿದರೆ ಒಳಗೆ ಏನೋ ಆಗಿದೆ ಅಂತಲೇ. ಆಮೇಲೆ ಊಟ ಬಿಡುವುದು, ತೂಕ ಇಳಿಯುವುದು. ಸ್ಟೆತಾಸ್ಕೋಪಲ್ಲಿ ಉಪ್ಪು ಹುರಿದ ಹಾಗೆ ಚಟಚಟ. ರಕ್ತದಲ್ಲಿ ಆಮ್ಲಜನಕದ ಒತ್ತಡ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುವುದು ಇನ್ನೂ ತಡವಾಗಿ. ಅಲ್ಲಿಂದ ಉಳಿದ ನಾಯಿಯ ಶ್ವಾಸಕೋಶ ನಾರುಗಟ್ಟುತ್ತದೆ, ಹೃದಯದ ಬಲಭಾಗ ಗಟ್ಟಿ ಶ್ವಾಸಕೋಶಕ್ಕೆ ರಕ್ತ ನೂಕಿ ನೂಕಿ ದಪ್ಪವಾಗುತ್ತದೆ. ಪೋಸ್ಟ್‌ಮಾರ್ಟಂ ಟೇಬಲ್ಲಿನಲ್ಲಿ ಆ ಶ್ವಾಸಕೋಶ ಕೈಯಲ್ಲಿ ಹಿಡಿದರೆ ಸ್ಪಂಜಿನ ಹಾಗೆ ಕುಗ್ಗುವುದಿಲ್ಲ, ಹಸಿ ರಬ್ಬರಿನ ಹಾಗೆ ನಿಂತಿರುತ್ತದೆ. ಪಕ್ಕೆಯ ಅಚ್ಚು ಮೇಲೆ ಮೂಡಿರುತ್ತದೆ.

ಗಡ್ಡೆ ಬರುವುದು ಇದನ್ನು ದಾಟಿ ವರ್ಷಗಟ್ಟಲೆ ಬದುಕಿದ ನಾಯಿಗೆ. ಬೀಟಾದ ವ್ಯಾಪ್ತಿ ಮಿಲಿಮೀಟರುಗಳಲ್ಲಿ, ಸೆಂಟಿಮೀಟರುಗಳಲ್ಲಿ. ಇಡೀ ಅಂಗ ಸಮವಾಗಿ ಸುಡುತ್ತದೆ, ಕ್ಯಾಪಿಲರಿಯ ಒಳಪದರ ಸಾಯುತ್ತಾ ಮತ್ತೆ ಬೆಳೆಯುತ್ತಾ ಹೋಗುತ್ತದೆ. ಹೆಚ್ಚು ಡೋಸಿನ ಬೀಟಾ ಗುಂಪುಗಳಲ್ಲಿ ಹೆಮಾಂಜಿಯೋಸಾರ್ಕೋಮ (ನೀವು ಕೇಳಿದ ರಕ್ತನಾಳದ ಸಾರ್ಕೋಮ) ಬಂದದ್ದು ಆ ಕಾರಣಕ್ಕೇ ಇರಬೇಕು. ಡೋಸ್ ಇಳಿದಂತೆ ಬೀಟಾದಲ್ಲೂ ಕಾರ್ಸಿನೋಮವೇ ಕಾಣುತ್ತದೆ, ಹಾಗಾಗಿ ಟಿಪ್ಪಣಿಯಲ್ಲಿ "ಬೀಟಾ ಅಂದರೆ ಸಾರ್ಕೋಮ" ಅಂತ ಬರೆದುಬಿಡಬೇಡಿ. ಆಲ್ಫಾದ ಗಡ್ಡೆ ಬಹುತೇಕ ಶ್ವಾಸಕೋಶದ ಅಂಚಿನಲ್ಲಿ, ಗಾಳಿಗೂಡು ಮತ್ತು ಸಣ್ಣ ಬ್ರಾಂಕಿಯೋಲ್‌ಗಳ ಹೊದಿಕೆಯಿಂದ ಹುಟ್ಟುವ ಕಾರ್ಸಿನೋಮ. ಬೀಡಿ ಸೇದುವವರಲ್ಲಿ ದೊಡ್ಡ ಕೊಳವೆಯ ಬುಡದಲ್ಲಿ ಬರುತ್ತದಲ್ಲ, ಆ ಜಾಗವಲ್ಲ.

ಪ್ಲುಟೋನಿಯಂ ನಾಯಿಯಲ್ಲಿ ಎಲ್ಲಕ್ಕಿಂತ ಮುಂಚೆ ಸಿಗುವ ಸುಳಿವು ರಕ್ತಪರೀಕ್ಷೆಯಲ್ಲಿ: ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಇಳಿಕೆ. ಉಸಿರು ಕೆಡುವ ಎಷ್ಟೋ ಮುಂಚೆ ಕಾಣಿಸಿ ಹಾಗೇ ಉಳಿಯುತ್ತದೆ. ಮ್ಯಾಕ್ರೋಫೇಜ್‌ಗಳು (ಹೊರಗಿನ ಕಣ ನುಂಗುವ ರಕ್ಷಣಾ ಕೋಶಗಳು) ಕಣ ಹೊತ್ತು ಎದೆಯ ದುಗ್ಧಗ್ರಂಥಿಗಳಿಗೆ ಸುರಿಯುತ್ತವೆ. ಗ್ರಾಂ ಲೆಕ್ಕದಲ್ಲಿ ಶ್ವಾಸಕೋಶಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಡೋಸ್ ಆ ಗ್ರಂಥಿಗಳಿಗೆ. ಕೊನೆಗೆ ಅವು ಸುಕ್ಕಿಹೋಗಿ, ಚಾಕು ಇಟ್ಟರೆ ಕರಕರ ಅನ್ನುವ ಬಿಳಿ ಗಾಯದ ಗಂಟು ಆಗಿರುತ್ತವೆ. ವಿಚಿತ್ರ ಅಂದರೆ ಅಷ್ಟು ಡೋಸ್ ತಿಂದ ಗ್ರಂಥಿಯಲ್ಲಿ ಮೂಲಗಡ್ಡೆ ಅಪರೂಪ. ಕ್ಯಾನ್ಸರ್ ಆಗಲು ಜೀವಕೋಶ ಬದುಕಿರಬೇಕಲ್ಲ!

ಶ್ವಾಸಕೋಶದ ಗಡ್ಡೆ ಇರುವ ಕೆಲವು ನಾಯಿಗಳಲ್ಲಿ ಕಾಲು ಊದಿ, ಎಕ್ಸ್‌ರೇಯಲ್ಲಿ ಮೂಳೆಯ ಮೇಲೆ ಹೊಸ ಮೂಳೆ ಹತ್ತಿರುತ್ತದೆ. ಅದು ಮೂಳೆಯ ಕ್ಯಾನ್ಸರ್ ಅಲ್ಲ, ಎದೆಯ ಕಾಯಿಲೆ ಕಾಲಲ್ಲಿ ತೋರಿಸುವುದು. ಸ್ಲೈಡ್ ಹಾಕುವಾಗ ಇದನ್ನೂ 238ರ ಮೂಳೆಗಡ್ಡೆಯನ್ನೂ ಗೊಂದಲ ಮಾಡಿಕೊಳ್ಳಬೇಡಿ.

---

ಬೂದಿಗಾಳಿ

238, 239ರ ಪ್ರಶ್ನೆಗೆ ಒಂದು ಕಣವನ್ನು ಕೈಗೆತ್ತಿಕೊಂಡು ನೋಡಿದರೆ ಸಾಕು.

1 ಮೈಕ್ರಾನ್ ವ್ಯಾಸದ ಪ್ಲುಟೋನಿಯಂ ಆಕ್ಸೈಡ್ ಗುಂಡು. ಸಾಂದ್ರತೆ ನೀರಿನ 11.46 ಪಟ್ಟು, ತೂಕ 6×10⁻¹² ಗ್ರಾಂ, ಅದರಲ್ಲಿ ಪ್ಲುಟೋನಿಯಂ ಪಾಲು ಶೇ 88. ಪ್ಲುಟೋನಿಯಂ-239 ಗ್ರಾಂಗೆ 2.3×10⁹ ಬೆಕ್ವೆರೆಲ್, ಹಾಗಾಗಿ ಆ ಗುಂಡಿನ ಪಾಲಿಗೆ 0.012 ಬೆಕ್ವೆರೆಲ್. ಅಂದರೆ ಸುಮಾರು 80 ಸೆಕೆಂಡಿಗೆ ಒಂದು ಆಲ್ಫಾ. 238ರ ಅರ್ಧಾಯು 87.7 ವರ್ಷ ಮಾತ್ರ, ಅದರ ಚಟುವಟಿಕೆ ಸುಮಾರು 275 ಪಟ್ಟು. ಅದೇ ಗಾತ್ರದ ಗುಂಡು ಸೆಕೆಂಡಿಗೆ ಮೂರಕ್ಕೂ ಹೆಚ್ಚು ಆಲ್ಫಾ ಹೊಡೆಯುತ್ತದೆ. ಒಂದೊಂದು ವಿಘಟನೆಗೂ ಒಳಗಿನ ನ್ಯೂಕ್ಲಿಯಸ್ ಹಿಂದಕ್ಕೆ ಒದ್ದು ತನ್ನದೇ ಹರಳಿನ ಜೋಡಣೆ ಕೆಡಿಸುತ್ತದೆ. 238ರ ಕಣ ಹೀಗೆ ತನ್ನನ್ನೇ ತಾನು ಚೂರು ಮಾಡಿಕೊಳ್ಳುತ್ತದೆ. ಚೂರಾದರೆ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದರೆ ಕರಗುವುದು ಹೆಚ್ಚು. ಕರಗಿದ್ದು ರಕ್ತಕ್ಕೆ, ರಕ್ತದಿಂದ ಮೂಳೆಯ ಮೇಲ್ಮೈಗೆ ಮತ್ತು ಲಿವರ್‌ಗೆ. ಮೊದಮೊದಲು ಎರಡೂ ಒಂದೇ ಥರ ಕೂತಿರುತ್ತವೆ, ತಿಂಗಳುಗಳು ಕಳೆದ ಮೇಲೆ 238 ಜಾಗ ಖಾಲಿ ಮಾಡಲು ಶುರು ಮಾಡುತ್ತದೆ. ರಸಾಯನಶಾಸ್ತ್ರ ಒಂದೇ ಅಂದಿರಲ್ಲ, ಹೌದು, ಆದರೆ ಕಣದ ಆರೋಗ್ಯ ಒಂದೇ ಅಲ್ಲ.

ಕರಗುವ ರೂಪ ಕೊಟ್ಟಾಗಲೂ ಇದೇ ನ್ಯಾಯ. ಸ್ಟ್ರಾಂಷಿಯಂ ಕ್ಲೋರೈಡ್ ಉಸಿರಾಡಿಸಿದರೆ ಅದು ಶ್ವಾಸಕೋಶದಲ್ಲಿ ನಿಲ್ಲದೆ ಮೂಳೆ ಸೇರಿ ಅಲ್ಲೇ ಗಡ್ಡೆ ಮಾಡುತ್ತದೆ, ಮೂಗಿನ ಒಳಗೂ ಮಾಡುತ್ತದೆ. ಸೀರಿಯಂ ಕ್ಲೋರೈಡ್ ಲಿವರ್, ಮೂಳೆಗೆ. ಸೀಸಿಯಂ ಕ್ಲೋರೈಡ್ ಪೊಟ್ಯಾಸಿಯಂ ಹೋದಲ್ಲೆಲ್ಲ ಹೋಗಿ ಮೈಯೆಲ್ಲ ಹರಡುತ್ತದೆ, ಹೆಚ್ಚು ಕೊಟ್ಟರೆ ನಾಯಿ ಸಾಯುವುದು ಮೂಳೆಮಜ್ಜೆ ಕೆಟ್ಟು. ಉಸಿರಾಟ ಬರೀ ಹೆಬ್ಬಾಗಿಲು.

ಟಿಪ್ಪಣಿಯಲ್ಲಿ ಕಣದ ಗಾತ್ರ ಬರೆಯುವಾಗ ಯಾವ ಗಾತ್ರ ಅಂತ ಹೇಳಿ. ಸೂಕ್ಷ್ಮದರ್ಶಕದಲ್ಲಿ 1 ಮೈಕ್ರಾನ್ ಇರುವ ಪ್ಲುಟೋನಿಯಂ ಆಕ್ಸೈಡ್ ಗಾಳಿಯಲ್ಲಿ ವರ್ತಿಸುವುದು ಸುಮಾರು 3.4 ಮೈಕ್ರಾನ್ ನೀರಿನ ಹನಿಯ ಥರ, ಸಾಂದ್ರತೆಯ ವರ್ಗಮೂಲದಷ್ಟು ಪಟ್ಟು. ಮೂಗಲ್ಲಿ ಬೀಳುತ್ತದೋ ಗಾಳಿಗೂಡಿಗೆ ಇಳಿಯುತ್ತದೋ ನಿರ್ಧಾರವಾಗುವುದು ಈ ಎರಡನೇ ಗಾತ್ರದಿಂದ. ಲವ್‌ಲೇಸ್‌ನವರು 0.75, 1.5, 3 ಮೈಕ್ರಾನ್ ಅಂತ ಒಂದೇ ಗಾತ್ರದ ಗುಂಪು ಮಾಡಿ ಕೊಟ್ಟದ್ದು ಈ ಗೊಂದಲ ತಪ್ಪಿಸೋಕೆ.

ಕಣ ಉಸಿರಾಡಿಸುವ ವಿಧಾನದಲ್ಲೂ ಒಂದು ಸೂಕ್ಷ್ಮ ಇದೆ. ಪ್ರಾಣಿಯ ಮೂತಿ ಮಾತ್ರ ಕೊಳವೆಗೆ ಸೇರಿಸಬೇಕು. ಇಡೀ ಪ್ರಾಣಿಯನ್ನು ಧೂಳಿನ ಪೆಟ್ಟಿಗೆಯಲ್ಲಿ ಬಿಟ್ಟರೆ ರೋಮಕ್ಕೆ ಕಣ ಹತ್ತುತ್ತದೆ, ಆಮೇಲೆ ಅದು ಮೈ ನೆಕ್ಕಿಕೊಂಡು ನುಂಗುತ್ತದೆ, ಉಸಿರಿನ ಲೆಕ್ಕಕ್ಕೆ ಹೊಟ್ಟೆಯ ಲೆಕ್ಕ ಕಲಸಿಹೋಗುತ್ತದೆ. ಮೂತಿ ಮಾತ್ರ ಕೊಟ್ಟರೂ ಮೊದಲ ಕೆಲವು ದಿನದ ಮಲದಲ್ಲಿ ತುಂಬಾ ಬರುತ್ತದೆ. ಮೂಗು, ದೊಡ್ಡ ಕೊಳವೆಗಳಲ್ಲಿ ಬಿದ್ದದ್ದನ್ನು ರೋಮಕಗಳು ಲೋಳೆಯ ಜೊತೆ ಮೇಲಕ್ಕೆ ತಳ್ಳಿ ನುಂಗಿಸುತ್ತವೆ. ಅದು ಮುಗಿದ ಮೇಲೆ ಉಳಿದದ್ದೇ "ಆರಂಭಿಕ ಶ್ವಾಸಕೋಶ ಹೊರೆ". ಸೇದಿದ್ದು, ಬಿದ್ದದ್ದು, ಉಳಿದದ್ದು ಮೂರೂ ಬೇರೆ ಬೇರೆ ಸಂಖ್ಯೆ, ಸಾರ್. ಪೇಪರಿನ ಪಟ್ಟಿಯಲ್ಲಿ ಯಾವುದು ಇದೆ ಅಂತ ನೋಡಿಯೇ ನಕಲು ಮಾಡಿ.

---

ಮದ್ದೂರುವಡೆ

ಛೇದದ ವಿಷಯಕ್ಕೆ ನಾಚಿಕೆ ಆಯಿತು, ತಿದ್ದಿಕೊಂಡೆ. ಆದರೆ ಬೂದಿಗಾಳಿಯವರ ಲೆಕ್ಕದಿಂದ ಹೊಸ ಅನುಮಾನ. 1 ಕಿಲೋಬೆಕ್ವೆರೆಲ್‌ಗೆ 239ರ 1 ಮೈಕ್ರಾನ್ ಕಣ 80 ಸಾವಿರಕ್ಕೂ ಹೆಚ್ಚು ಬೇಕು, 238ರದ್ದು 300 ಸಾಕು. 300 ಜಾಗದಲ್ಲಿ ಒತ್ತೊತ್ತಾಗಿ ಸುಡುವುದು ಹೆಚ್ಚು ಅಪಾಯವೋ, 80 ಸಾವಿರ ಜಾಗದಲ್ಲಿ ತೆಳ್ಳಗೆ ಹರಡುವುದೋ?

---

ಗಂಗೋತ್ರಿ_ಆಲ್ಫಾ

ಇದು 1974ರಲ್ಲಿ ದೊಡ್ಡ ಜಗಳವೇ ಆದ ಪ್ರಶ್ನೆ. ಟ್ಯಾಂಪ್ಲಿನ್ ಮತ್ತು ಕಾಕ್ರನ್ ಅನ್ನುವವರು "ಬಿಸಿ ಕಣ" ವಾದ ಮುಂದಿಟ್ಟರು: ಚಟುವಟಿಕೆ ಕಣಗಳಲ್ಲಿ ಒತ್ತಾಗಿ ಕೂತಿದ್ದರೆ ಅಪಾಯ ಸಾಮಾನ್ಯ ಲೆಕ್ಕಕ್ಕಿಂತ ಬಹಳ ಪಟ್ಟು ಹೆಚ್ಚು, ಮಿತಿಗಳನ್ನು ಅಷ್ಟೇ ಇಳಿಸಬೇಕು ಅಂತ. ಪ್ರಾಣಿಗಳು ಅದಕ್ಕೆ ಸಾಕ್ಷಿ ಹೇಳಲಿಲ್ಲ. ಹ್ಯಾಮ್‌ಸ್ಟರ್‌ಗಳಲ್ಲಿ ಪೊಲೋನಿಯಂ-210 ಸಮವಾಗಿ ಹರಡಿದಾಗ ಗಡ್ಡೆ ಬಂದಷ್ಟು ಗುಂಡುಗಳಲ್ಲಿ ಒತ್ತಿ ಕೊಟ್ಟಾಗ ಬರಲಿಲ್ಲ.

ಕಾರಣ ಜ್ಯಾಮಿತಿ. 5 ಎಂಇವಿ ಆಲ್ಫಾ ನೀರಿನಂಥ ಅಂಗಾಂಶದಲ್ಲಿ 40 ಮೈಕ್ರಾನ್ ಹೋಗುತ್ತದೆ, ಗಾಳಿ ತುಂಬಿದ ಶ್ವಾಸಕೋಶದಲ್ಲಿ 200ರ ಹತ್ತಿರ. ಬಿಸಿ ಕಣದ ಸುತ್ತಲಿನ ಜೀವಕೋಶಗಳು ಹತ್ತಾರು ಸಲ ಏಟು ತಿಂದು ಸತ್ತೇ ಹೋಗುತ್ತವೆ, ಆಚೆಯವಕ್ಕೆ ಒಂದೂ ಬೀಳುವುದಿಲ್ಲ. ಸತ್ತದ್ದಕ್ಕೆ ಹೊಡೆದ ಆಲ್ಫಾ ದಂಡ. ಮೇಲಾಗಿ ಕಣ ಒಂದೇ ಕಡೆ ಮೊಳೆ ಹೊಡೆದ ಹಾಗೆ ಇರುವುದಿಲ್ಲ, ಮ್ಯಾಕ್ರೋಫೇಜ್ ಹೊತ್ತು ತಿರುಗುತ್ತದೆ. ಹಾಗಂತ ಸರಾಸರಿ ಡೋಸ್ ಯಾವಾಗಲೂ ಸರಿ ಅಂತಲೂ ಅಲ್ಲ. ಕಣ ಬಹಳ ಕಮ್ಮಿ ಇದ್ದಾಗ ಶ್ವಾಸಕೋಶದ ಬಹುಪಾಲಿಗೆ ಡೋಸೇ ಸಿಕ್ಕಿರುವುದಿಲ್ಲ, ಅಲ್ಲಿ ಸರಾಸರಿ ಅನ್ನುವುದು ಕಾಗದದ ಮೇಲಿನ ಸಂಖ್ಯೆ.

ಮೇಲೆ ಹ್ಯಾಮ್‌ಸ್ಟರ್ ಅಂದೆನಲ್ಲ, ಒಂದು ಎಚ್ಚರಿಕೆ: ಪ್ಲುಟೋನಿಯಂ ಆಕ್ಸೈಡ್‌ಗೆ ಹ್ಯಾಮ್‌ಸ್ಟರ್ ಬಲು ಗಟ್ಟಿ, ಶ್ವಾಸಕೋಶದ ಗಡ್ಡೆ ಸುಲಭಕ್ಕೆ ಬರುವುದಿಲ್ಲ. ಇಲಿ ಅದಕ್ಕೆ ವಿರುದ್ಧ. ನಾಯಿಯನ್ನು ಆರಿಸಿದ್ದಕ್ಕೆ ಒಂದು ಕಾರಣ, ಕಣವನ್ನು ಹೊರಹಾಕುವ ವೇಗ ಇಲಿಗಿಂತ ನಿಧಾನ, ಮನುಷ್ಯನಿಗೆ ಹತ್ತಿರ. ಇನ್ನೊಂದು, 13, 14 ವರ್ಷ ಬದುಕುತ್ತದೆ, ನಿಧಾನದ ಕಾಯಿಲೆಗೆ ಸಮಯ ಸಿಗುತ್ತದೆ. ರಷ್ಯಾದ ಮಾಯಾಕ್ ಪ್ಲುಟೋನಿಯಂ ಕಾರ್ಖಾನೆಯ ಕೆಲಸಗಾರರಲ್ಲಿ ಆಮೇಲೆ ಕಂಡದ್ದೂ ಶ್ವಾಸಕೋಶ, ಲಿವರ್, ಮೂಳೆ ಇವೇ ಮೂರು.

---

ಕೊಟ್ಟಿಗೆ_ಡಾಕ್ಟ್ರು

ಕುರಿ ಪ್ರಶ್ನೆಗೆ ಉತ್ತರ ನಂದು.

ಕ್ವಾರಿ ಧೂಳಿನಲ್ಲಿ ಯುರೇನಿಯಂ ಇಲ್ಲ ಅಂತ ಹೇಳಬೇಡಿ, ಗ್ರಾನೈಟಿನಲ್ಲಿ ಇದ್ದೇ ಇರುತ್ತದೆ, ಸಾಮಾನ್ಯವಾಗಿ ದಶಲಕ್ಷಕ್ಕೆ ಮೂರೋ ಐದೋ ಭಾಗ. ಐದೇ ಇರಲಿ. ಕುರಿ ದಿನಕ್ಕೆ 10 ಘನ ಮೀಟರ್ ಗಾಳಿ ಸೇದುತ್ತದೆ ಅಂತ ಉದಾರವಾಗಿ ಇಟ್ಟುಕೊಳ್ಳಿ, ಗಾಳಿಯಲ್ಲಿ ಪ್ರತಿ ಘನ ಮೀಟರ್‌ಗೆ 1 ಮಿಲಿಗ್ರಾಂ ಸಣ್ಣ ಧೂಳು, ದಿನವಿಡೀ. ಒಟ್ಟು ಧೂಳು 10 ಮಿಲಿಗ್ರಾಂ, ಯುರೇನಿಯಂ 50 ನ್ಯಾನೊಗ್ರಾಂ, ಚಟುವಟಿಕೆ 0.6 ಮಿಲಿಬೆಕ್ವೆರೆಲ್. ಎಲ್ಲವೂ ಒಳಗೇ ಉಳಿದರೂ 1 ಕಿಲೋಬೆಕ್ವೆರೆಲ್ ಸೇರಲು 4000 ವರ್ಷ ದಾಟುತ್ತದೆ. ಯುರೇನಿಯಂ ಒಡೆದು ಒಂದಾದ ಮೇಲೊಂದು ಹುಟ್ಟುವ ಧಾತುಗಳ ಸರಪಳಿಯ ಉಳಿದ ಆಲ್ಫಾಗಳಿಗೆ ಎಂಟು ಪಟ್ಟು ಮಾಡಿದರೂ 500 ವರ್ಷ. ಬಂಡೂರು ಟಗರು ಮಾಂಸಕ್ಕೆ ಹೋಗುವುದು ಎಷ್ಟು ತಿಂಗಳಿಗೆ ಅಂತ ನಿಮಗೇ ಗೊತ್ತು.

ಅದೇ 10 ಮಿಲಿಗ್ರಾಂ ಧೂಳಿನಲ್ಲಿ ಸ್ಫಟಿಕ ಸಿಲಿಕಾ ಎರಡು ಮೂರು ಮಿಲಿಗ್ರಾಂ ಇರುತ್ತದೆ. ಭಯ ಪಡಬೇಕಿದ್ದರೆ ಅದಕ್ಕೆ, ಅದೂ ಕುರಿಗಿಂತ ಮುಂಚೆ ಕ್ವಾರಿಯಲ್ಲಿ ಡ್ರಿಲ್ ಹಿಡಿದವರ ಎದೆಗೆ. ಸಿಲಿಕೋಸಿಸ್ ಬಂದ ಎದೆಗೆ ಕ್ಷಯ ಬೇಗ ಅಂಟುತ್ತದೆ. ಡ್ರಿಲ್ ತುದಿಗೆ ನೀರು ಬಿಡುವುದು, ಕ್ರಷರ್‌ಗೆ ಸಿಂಪರಣೆ, ಗಾಳಿ ಬೀಸುವ ಕಡೆಗೆ ದೊಡ್ಡಿ ಹಾಕದಿರುವುದು, ಕೆಲಸ ಇಷ್ಟೇ.

ಕುರಿ ನಿಜವಾಗಿ ಏದುಸಿರು ಬಿಡುತ್ತಿದ್ದರೆ ಮೊದಲು ನೋಡಬೇಕಾದದ್ದು ಪಿಪಿಆರ್ (ಕುರಿ ಮೇಕೆಗಳ ವೈರಸ್ ಪಿಡುಗು), ಪಾಸ್ಚುರೆಲ್ಲಾ ಜಾತಿಯ ನ್ಯುಮೋನಿಯಾ, ಶ್ವಾಸಕೋಶದ ಹುಳು. ಕುರಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅನ್ನುವುದೂ ಇದೆ, ಆದರೆ ಅದನ್ನು ತರುವುದು ವಿಕಿರಣವಲ್ಲ, ವೈರಸ್. ಜಾಗ್‌ಸೀಕ್ಟೆ ಅಂತ ಹೆಸರು. ಪರೀಕ್ಷೆ ಸುಲಭ: ಹಿಂಗಾಲು ಎರಡೂ ಹಿಡಿದು ಮೇಲೆತ್ತಿ, ತಲೆ ತಗ್ಗಿಸಿ. ಮೂಗಿನಿಂದ ನೊರೆ ನೊರೆ ತಿಳಿನೀರು ಧಾರೆಯಾಗಿ ಸುರಿದರೆ ಅನುಮಾನ ಗಟ್ಟಿ. ಬಹಳ ಹೊತ್ತು ಎತ್ತಬೇಡಿ, ಉಸಿರು ಕಟ್ಟಿ ಅಲ್ಲೇ ಸಾಯಬಹುದು. ಸುರಿಯಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ.

ನಿಜವಾದ ಅಣು ಅವಘಡದಲ್ಲೂ ದನಕುರಿಗೆ ಉಸಿರು ಸಣ್ಣ ದಾರಿ, ಹುಲ್ಲು ದೊಡ್ಡ ದಾರಿ. ಹಸು ದಿನವಿಡೀ ಹತ್ತಾರು ಚದರ ಮೀಟರ್ ನೆಲ ಬೋಳಿಸಿ ತಿನ್ನುತ್ತದೆ, ಅದರ ಮೇಲೆ ಬಿದ್ದದ್ದೆಲ್ಲ ಹೊಟ್ಟೆಗೆ. ಅಯೋಡಿನ್-131 ಹಾಲಿಗೆ ಬರುವುದು ಹೀಗೆ. ಅದಕ್ಕೇ 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಬೆಂಕಿಯಾದಾಗ ಸುತ್ತಲಿನ ಹಾಲು ಚೆಲ್ಲಿಸಿದ್ದು. 1945ರ ಟ್ರಿನಿಟಿ ಸ್ಫೋಟದ ಬೂದಿ ಬಿದ್ದ ದನಗಳಲ್ಲಿ ಎದ್ದು ಕಂಡದ್ದು ಬೆನ್ನ ಮೇಲಿನ ಬೀಟಾ ಸುಟ್ಟಗಾಯ, ಆಮೇಲೆ ಅಲ್ಲಿ ಬೆಳ್ಳಗೆ ಹುಟ್ಟಿದ ಕೂದಲು. ಹಾಗಾಗಿ ಮೊದಲ ಕೆಲಸ ದನ ಒಳಗೆ ಕಟ್ಟಿ, ಹುಲ್ಲಿನ ಮೆದೆಗೆ ಟಾರ್ಪಾಲು ಹೊದಿಸುವುದು. ಹೊದಿಸಿರದಿದ್ದರೂ ಮೆದೆಯ ಹೊರಪದರ ತೆಗೆದು ಬೇರೆ ಹಾಕಿದರೆ ಒಳಗಿನದು ಬಹುಪಾಲು ಚೊಕ್ಕಟ. ನೀರು ಕೆರೆಯದ್ದಲ್ಲ, ಮುಚ್ಚಿದ ತೊಟ್ಟಿಯದ್ದು. ದನದ ಮೈಯನ್ನು ಒಣ ಬ್ರಷ್ಷಲ್ಲಿ ಉಜ್ಜಬಾರದು, ಕೂತ ಕಣ ಮತ್ತೆ ಎದ್ದು ನಿಮ್ಮ ಮೂಗಿಗೇ ಬರುತ್ತದೆ. ಮೊದಲು ನೀರು ಹಾಕಿ ನೆನೆಸಿ ಆಮೇಲೆ ತೊಳೆಯಿರಿ, ತೊಳೆಯುವವರು ಎನ್95 ಹಾಕಿರಲಿ. ಸೀಸಿಯಂ ಮೇವಿನಲ್ಲಿದ್ದರೆ ಪ್ರಷ್ಯನ್ ಬ್ಲೂ (ಕರುಳಲ್ಲೇ ಸೀಸಿಯಂ ಹಿಡಿದು ಮಲದಲ್ಲಿ ಹೊರಹಾಕುವ ನೀಲಿ ರಾಸಾಯನಿಕ) ಕೆಲಸ ಮಾಡುತ್ತದೆ. ಚೆರ್ನೋಬಿಲ್ ಆದ ಮೇಲೆ ನಾರ್ವೆಯವರು ಕುರಿಗಳಿಗೂ ಹಿಮಸಾರಂಗಗಳಿಗೂ ಅದನ್ನೇ ಕೊಟ್ಟರು.

---

ಬೂದಿಗಾಳಿ

ರತ್ನಹಳ್ಳಿಯದ್ದು ಯುರೇನಿಯಂ ಸಮೃದ್ಧಗೊಳಿಸುವ ಸ್ಥಾವರ, ರಿಯಾಕ್ಟರ್ ಅಲ್ಲ. ಹಾಗಾಗಿ ಅಯೋಡಿನ್, ಸೀಸಿಯಂ, ಸೀರಿಯಂ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಇಂಥ ಸ್ಥಾವರ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ವಿದ್ಯಾರ್ಥಿಗಳು ತಿಳಿಯಬೇಕಾದ ವಸ್ತು ಯುರೇನಿಯಂ ಹೆಕ್ಸಾಫ್ಲೋರೈಡ್. ಅದು ಗಾಳಿಯ ತೇವಕ್ಕೆ ತಾಗಿದರೆ ಎರಡಾಗುತ್ತದೆ: ಯುರೇನೈಲ್ ಫ್ಲೋರೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್. ಎರಡನೆಯದು ಶ್ವಾಸಕೋಶ ಸುಡುವ ಆಮ್ಲ, ವಿಕಿರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊದಲನೆಯದು ನೀರಲ್ಲಿ ಕರಗಿ ಬೇಗ ರಕ್ತಕ್ಕೆ ಬಂದು ಕಿಡ್ನಿಯ ನಳಿಕೆಗಳನ್ನು ಕೆಡಿಸುತ್ತದೆ, ಸೀಸ ಪಾದರಸ ಮಾಡುವಂಥ ರಾಸಾಯನಿಕ ಕೆಲಸ. ಕಿಡ್ನಿಗೆ ಗ್ರಾಂಗೆ 3 ಮೈಕ್ರೋಗ್ರಾಂ ಅನ್ನುವ ಹಳೇ ಮಿತಿ ಅದಕ್ಕಾಗಿಯೇ ಹುಟ್ಟಿದ್ದು.

ಕರಗದ ಯುರೇನಿಯಂ ಬೇರೆ ಪಾಠ. ಯುರೇನಿಯಂ ಡೈಆಕ್ಸೈಡ್ ಧೂಳನ್ನು ಘನ ಮೀಟರ್‌ಗೆ 5 ಮಿಲಿಗ್ರಾಂನಂತೆ ನಾಯಿ, ಕೋತಿ, ಇಲಿಗಳಿಗೆ ಕೊಟ್ಟರು, ನಾಯಿ ಕೋತಿಗಳಿಗೆ 5 ವರ್ಷದವರೆಗೂ. ಕಿಡ್ನಿ ಕೆಡಲಿಲ್ಲ. ಕೋತಿಗಳ ಶ್ವಾಸಕೋಶ ನಾರುಗಟ್ಟಿತು, ದುಗ್ಧಗ್ರಂಥಿಗಳಲ್ಲಿ ಯುರೇನಿಯಂ ಗುಡ್ಡೆ ಬಿತ್ತು. ಡಾಕ್ಟ್ರು ಹೇಳಿದ ಅದೇ ದಾರಿ.

ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಬೇಕಿದ್ದರೆ ಕೊಟ್ಟಿಗೆಯ ರೇಡಾನ್ (ಯುರೇನಿಯಂ ಸರಪಳಿಯಲ್ಲಿ ಹುಟ್ಟಿ ಕಲ್ಲು ಮಣ್ಣಿನಿಂದ ಹೊರಬರುವ ವಿಕಿರಣಶೀಲ ಅನಿಲ) ಅಳೆಸಿ. ಎಲ್‌ಆರ್-115 ಅನ್ನುವ, ಆಲ್ಫಾ ಬಡಿದ ಗುರುತು ಉಳಿಸಿಕೊಳ್ಳುವ ಫಿಲ್ಮ್ ಇರುವ ಡಬ್ಬಿ 90 ದಿನ ತೂಗುಹಾಕಬೇಕು. ಮನೆಯಲ್ಲಾದರೆ ಆಳೆತ್ತರ, ಕುರಿ ದೊಡ್ಡಿಯಲ್ಲಿ ಕುರಿಯ ಮೂಗಿನೆತ್ತರ. ಗೋಡೆಯಿಂದ ಒಂದಡಿ ದೂರ, ಸುತ್ತ ತಂತಿಜಾಲ ಇರಲಿ, ಇಲ್ಲದಿದ್ದರೆ ಕುರಿ ಅಗಿದುಹಾಕುತ್ತದೆ. ಆಮೇಲೆ 2.5 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 60 ಡಿಗ್ರಿಯಲ್ಲಿ 90 ನಿಮಿಷ ಇಟ್ಟು, ತೊಳೆದು ಒಣಗಿಸಿ ತೂತು ಎಣಿಸಿ. ಉಷ್ಣತೆ ಎರಡು ಡಿಗ್ರಿ ಏರಿದರೂ ಎಣಿಕೆ ಕೆಡುತ್ತದೆ, ನೀರಿನ ತೊಟ್ಟಿಯ ಥರ್ಮೋಸ್ಟಾಟ್ ನಂಬದೆ ದ್ರಾವಣದಲ್ಲೇ ಥರ್ಮಾಮೀಟರ್ ಅದ್ದಿ. ಮೂರು ಕಡೆ ತೆರೆದ ದೊಡ್ಡಿಯಲ್ಲಿ ಹೊರಗಾಳಿಯಷ್ಟೇ ಬರುತ್ತದೆ. ಕಿಟಕಿ ಇಲ್ಲದ, ಮಣ್ಣುನೆಲದ, ಕಲ್ಲುಗೋಡೆಯ ಹಳೇ ಕೊಟ್ಟಿಗೆ ಸಿಕ್ಕರೆ ಅಲ್ಲೊಂದು ಹಾಕಿ. ಮನೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹೋಲಿಕೆಯ ಅಂಕಿ ಘನ ಮೀಟರ್‌ಗೆ 100 ಬೆಕ್ವೆರೆಲ್.

---

ಮದ್ದೂರುವಡೆ

ಎರಡೂ ಲೆಕ್ಕ ಹೊಸದಾಗಿ ಹಾಕಿದೆ, 0.94 ಗ್ರೇ ಮತ್ತು 52 ಮಿಲಿಗ್ರೇ ಹೊಂದಿಕೊಂಡಿತು. ಸೀರಿಯಂಗೆ ಪ್ರಾಸಿಯೋಡಿಮಿಯಂ ಸೇರಿಸಿದ್ದೇನೆ. ಇನ್ನು ಪ್ರಿಂಟ್‌ಗೆ ಕೊಡಬಹುದಾ?

---

ಗಂಗೋತ್ರಿ_ಆಲ್ಫಾ

ಕೊಡಿ, ಆದರೆ ಸೀರಿಯಂನ 52ರ ಕೆಳಗೆ ಒಂದು ಸಾಲು ಸೇರಿಸಿ: ಇದು ಗರಿಷ್ಠ. ಪ್ರಾಸಿಯೋಡಿಮಿಯಂನ ಬೀಟಾ 3 ಎಂಇವಿ ತನಕ ಹೋಗುತ್ತದೆ, ನೀರಿನಲ್ಲಿ ಒಂದೂವರೆ ಸೆಂಟಿಮೀಟರ್, ಹಗುರ ಶ್ವಾಸಕೋಶದಲ್ಲಿ ಅದರ ಮೂರು ನಾಲ್ಕು ಪಟ್ಟು. ಅಂಚಿನಲ್ಲಿ ಕೂತ ಕಣದ ಬೀಟಾ ಶ್ವಾಸಕೋಶ ದಾಟಿ ಪಕ್ಕೆಗೆ, ಹೃದಯಕ್ಕೆ ಹೋಗಿ ನಿಲ್ಲುತ್ತದೆ, ಆ ಪಾಲು ನಿಮ್ಮ 110 ಗ್ರಾಂಗೆ ಸಿಗುವುದಿಲ್ಲ. ಇಲಿಗೆ ಇದೇ ಸೂತ್ರ ಹಾಕಿದರೆ ತಪ್ಪು ಇನ್ನೂ ದೊಡ್ಡದು, ಅದರ ಶ್ವಾಸಕೋಶವೇ ಒಂದೆರಡು ಗ್ರಾಂ.